ಬ್ಯಾಂಡಿಗೆ ಕಿವಿಕೊಟ್ಟು ಕುಳಿತವರಿಗೆ ನಮ್ಮ ವಂದನೆ

ಅಮೆರಿಕದ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಘವಾದ ಎಆರ್‌ಆರ್‌ಎಲ್ ಬ್ಯಾಂಡುಗಳನ್ನು, ಅಂದರೆ ಹವ್ಯಾಸಿಗಳಿಗೆ ಮೀಸಲಾದ ತರಂಗಾಂತರ ಪಟ್ಟಿಗಳನ್ನು, ಕೇಳುತ್ತ ನಿಯಮಪಾಲನೆ ಗಮನಿಸುವ ಸ್ವಯಂಸೇವಕರ ಹಳೆಯ ಅಫೀಶಿಯಲ್ ಅಬ್ಸರ್ವರ್ ವ್ಯವಸ್ಥೆಯನ್ನು ಮುಚ್ಚಿ, ಅದರ ಜಾಗದಲ್ಲಿ ವಾಲಂಟಿಯರ್ ಮಾನಿಟರ್ ಪಡೆಯನ್ನು ಕಟ್ಟಿತು. ಆ ಪಡೆ ಈಗ ಗಟ್ಟಿಯಾಗಿ ಕಾಲೂರಿದೆ. ಅಮೆರಿಕದಲ್ಲಿ ನೆಲೆಸಿ, ಇಲ್ಲಿನ ಕಾಲ್‌ಸೈನ್ (ರೇಡಿಯೋ ಗುರುತಿನ ಸಂಕೇತ) ಹಿಡಿದು ಮಾತಾಡುವ ಕನ್ನಡದ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋ ಆಪರೇಟರ್‌ಗಳು, ಅದರ ಫಲವನ್ನು ದಿನವೂ ಉಣ್ಣುತ್ತಿದ್ದೇವೆ. ಹಾಗಾಗಿ ಈ ಬದಲಾವಣೆಯ ಭಾರ ಹೊತ್ತವರಿಗೆ ಬಹಿರಂಗವಾಗಿಯೇ ಧನ್ಯವಾದ ಹೇಳಬೇಕೆನಿಸಿತು.

ಮೊದಲ ನಮಸ್ಕಾರ ಹಿಂದೆ ಸರಿದವರಿಗೆ. ಹಳೆಯ ಅಬ್ಸರ್ವರ್‌ಗಳು ಪರೀಕ್ಷೆ ಬರೆದು, ತಮ್ಮ ಸೆಕ್ಷನ್ ಮ್ಯಾನೇಜರ್ (ಸಂಘದ ಪ್ರಾದೇಶಿಕ ಮುಖ್ಯಸ್ಥ) ಕೈಯಿಂದ ನೇಮಕ ಪಡೆದವರು. ಅನೇಕರು ವರ್ಷಗಟ್ಟಲೆ ಕೇಳುತ್ತ ಬಂದಿದ್ದರು. ಹೊಸ ವ್ಯವಸ್ಥೆ ಬಂದಾಗ ಯಾರ ನೇಮಕವೂ ತಾನಾಗಿ ಮುಂದುವರಿಯಲಿಲ್ಲ. ಇಷ್ಟವಿದ್ದವರು ಹೊಸದಾಗಿ ಅರ್ಜಿ ಹಾಕಿ, ಪರಿಶೀಲನೆಗೆ ಒಳಪಟ್ಟು, ತರಬೇತಿ ಪಡೆಯಬೇಕಿತ್ತು. ಸಂಬಳವಿಲ್ಲದ ಕೆಲಸಕ್ಕೆ ಮತ್ತೊಮ್ಮೆ ಅರ್ಜಿ ಹಾಕಿ ಎಂದಾಗ ಯಾರಿಗಾದರೂ ನೋವಾಗುತ್ತದೆ. ಅರ್ಜಿ ಹಾಕಿದವರಿಗೂ, ಸಾಕೆಂದು ಗೌರವದಿಂದ ಜಾಗ ಬಿಟ್ಟವರಿಗೂ ನಾವು ಋಣಿಗಳು.

ಈ ನೋವು ಅನಿವಾರ್ಯವಾಗಿತ್ತೆಂದೇ ನಮ್ಮ ಅಭಿಪ್ರಾಯ. 1982ರ ಕಾನೂನು ಸ್ವಯಂಸೇವಕರಿಗೆ ಕೊಟ್ಟ ಅಧಿಕಾರ ಚಿಕ್ಕದು: ತಪ್ಪು ಪ್ರಸಾರವನ್ನು ಪತ್ತೆ ಮಾಡಬಹುದು, ಅಮೆರಿಕ ಸರ್ಕಾರದ ಸಂವಹನ ನಿಯಂತ್ರಣ ಆಯೋಗವಾದ ಎಫ್‌ಸಿಸಿಗೆ ಮಾಹಿತಿ ಕೊಡಬಹುದು, ಸಂಬಂಧಪಟ್ಟವರಿಗೆ ಸೂಚನಾ ಪತ್ರ ಬರೆಯಬಹುದು. ದಂಡ ಹಾಕುವುದು, ಲೈಸೆನ್ಸ್ ಮುಟ್ಟುವುದು ಸರ್ಕಾರದ ಕೆಲಸ. 2015ರಲ್ಲಿ ಎಫ್‌ಸಿಸಿ ತನ್ನ 24 ಕ್ಷೇತ್ರ ಕಚೇರಿಗಳಲ್ಲಿ 11ನ್ನು ಮುಚ್ಚಲು ತೀರ್ಮಾನಿಸಿತು. ಕಷ್ಟಪಟ್ಟು ಕಲೆಹಾಕಿದ ಸಾಕ್ಷ್ಯವನ್ನು ಕೈಗೆತ್ತಿಕೊಳ್ಳುವವರೇ ಕಡಿಮೆಯಾದರೆ ಕೇಳುವವನ ಉತ್ಸಾಹ ಎಷ್ಟು ದಿನ ಉಳಿದೀತು? 2019ರಲ್ಲಿ ಸಂಘವೂ ಎಫ್‌ಸಿಸಿಯೂ ಸಹಿ ಹಾಕಿದ ಒಪ್ಪಂದ ಈ ಕೊಂಡಿಯನ್ನು ಮತ್ತೆ ಬೆಸೆಯಿತು. ಈ ಪಡೆ ಸಿದ್ಧಪಡಿಸಿದ ಪ್ರಕರಣಗಳಿಗೆ ಆದ್ಯತೆ ಎಂದಾಯಿತು. ಹಿಂದೆ ಎಫ್‌ಸಿಸಿಯಲ್ಲೇ ಹವ್ಯಾಸಿ ಬ್ಯಾಂಡ್‌ಗಳ ನಿಯಮಪಾಲನೆ ನೋಡಿಕೊಂಡಿದ್ದ ರೈಲಿ ಹಾಲಿಂಗ್ಸ್‌ವರ್ತ್, ಕಾಲ್‌ಸೈನ್ ಕೆ4ಝಡ್‌ಡಿಎಚ್, ನಿವೃತ್ತಿಯ ನಂತರವೂ ಬಂದು ಇದನ್ನು ರೂಪಿಸಿದರು. ಅವರಿಗೆ ವಿಶೇಷ ಕೃತಜ್ಞತೆ. ಕಚೇರಿಯ ಎರಡೂ ಬದಿ ಬಲ್ಲವರಿಲ್ಲದೆ ಇಂಥ ಕೆಲಸ ಹಿಡಿತಕ್ಕೆ ಸಿಗುವುದಿಲ್ಲ.

ಮಾನಿಟರ್‌ಗಳು ಮಾಡುವುದೇನೆಂದು ಹೊರಗಿನವರಿಗೆ ತಿಳಿಯುವುದು ಕಡಿಮೆ. 20 ಮೀಟರ್ ಬ್ಯಾಂಡಿನಲ್ಲಿ, 14.074 ಮೆಗಾಹರ್ಟ್ಸ್‌ನಲ್ಲಿ, ಕಂಪ್ಯೂಟರ್ ಮೂಲಕ ಕಳಿಸುವ ಎಫ್‌ಟಿ8 ಎಂಬ ಡಿಜಿಟಲ್ ವಿಧಾನದ ಒಂದೇ ಸಂಕೇತ ವಾಟರ್‌ಫಾಲ್‌ನ, ಅಂದರೆ ಸಂಕೇತಗಳನ್ನು ಗೆರೆಗಳಾಗಿ ತೋರಿಸುವ ಪರದೆಯ, ಮೂರು ಕಡೆ ಕಾಣುತ್ತಿದೆ ಎಂದುಕೊಳ್ಳಿ: 600 ಹರ್ಟ್ಸ್‌ನಲ್ಲಿ ದಪ್ಪಗೆ, 1200 ಮತ್ತು 1800ರಲ್ಲಿ ತೆಳ್ಳಗೆ. ಅನನುಭವಿ ಕೂಡಲೇ ದೂರು ಬರೆದುಬಿಡುತ್ತಾನೆ. ಅನುಭವಿ ಮೊದಲು ಅನುಮಾನಿಸುವುದು ತನ್ನ ರಿಸೀವರ್ ಅನ್ನೇ. ಅಟೆನ್ಯುಯೇಟರ್ ಒತ್ತಿ 10 ಅಥವಾ 20 ಡೆಸಿಬೆಲ್ ತಗ್ಗಿಸುತ್ತಾನೆ. ಮೂಲ ಸಂಕೇತವೂ ಅದರ ನೆರಳುಗಳೂ ಒಂದೇ ಪ್ರಮಾಣದಲ್ಲಿ ಇಳಿದರೆ ದೋಷ ಆ ಕಡೆಯದು. ನೆರಳುಗಳು ಮಾತ್ರ ಧಡಕ್ಕನೆ ಮಾಯವಾದರೆ ತನ್ನ ರಿಸೀವರ್ ತಾಳಲಾರದೆ ಅವುಗಳನ್ನು ಹುಟ್ಟಿಸುತ್ತಿದೆ ಎಂದರ್ಥ. ಆ ಕಡೆಯದೇ ಆಗಿದ್ದರೆ, ಆಪರೇಟರ್ ಕಂಪ್ಯೂಟರಿನ ಆಡಿಯೋ ಮಟ್ಟವನ್ನು ಅತಿಯಾಗಿ ಏರಿಸಿರುತ್ತಾನೆ. ಎಎಲ್‌ಸಿ (ಟ್ರಾನ್ಸ್‌ಮಿಟರ್ ತಾನೇ ಮಟ್ಟ ತಗ್ಗಿಸುವ ವ್ಯವಸ್ಥೆ) ಮುಳ್ಳು ಅಲುಗದಷ್ಟು ಅದನ್ನು ಇಳಿಸಿ, ಸಾಫ್ಟ್‌ವೇರಿನ ಸ್ಪ್ಲಿಟ್ ಆಯ್ಕೆ ಹಾಕಿ ಟೋನ್ ಅನ್ನು 1500ರಿಂದ 2000 ಹರ್ಟ್ಸ್ ನಡುವೆ ಇಟ್ಟರೆ ಹಾರ್ಮೋನಿಕ್‌ಗಳು, ಅಂದರೆ ಆ ನೆರಳುಗಳು, ಟ್ರಾನ್ಸ್‌ಮಿಟರ್‌ನ ಫಿಲ್ಟರ್ ಹೊರಗೆ ಬೀಳುತ್ತವೆ. ಸೂಚನಾ ಪತ್ರದಲ್ಲಿ ಪರಿಹಾರವನ್ನೂ ಹೀಗೆ ಬರೆದು ಕಳಿಸಿದರೆ ಅದು ಪಾಠದಂತಿರುತ್ತದೆ, ಬೈಗುಳದಂತಲ್ಲ.

ಇನ್ನೂ ಸೂಕ್ಷ್ಮವಾದದ್ದು ಲೈಸೆನ್ಸ್ ದರ್ಜೆಯ ವಿಷಯ. 35 ಪ್ರಶ್ನೆಗಳಲ್ಲಿ 26 ಸರಿಯಾದರೆ ಟೆಕ್ನಿಷಿಯನ್ ಎಂಬ ಮೊದಲ ದರ್ಜೆಯ ಲೈಸೆನ್ಸ್ ಸಿಗುತ್ತದೆ. ಆದರೆ ಆ ದರ್ಜೆಗೆ 20 ಮೀಟರ್‌ನಲ್ಲಿ ಜಾಗವೇ ಇಲ್ಲ. 80, 40, 15 ಮೀಟರ್‌ಗಳಲ್ಲಿ ಇರುವುದು ಮೋರ್ಸ್ ಮಾತ್ರ, ಎಫ್‌ಟಿ8ನಂಥ ಡೇಟಾಗೆ 10 ಮೀಟರ್‌ನ 28.0ರಿಂದ 28.3 ಮೆಗಾಹರ್ಟ್ಸ್. ಊರಿನಲ್ಲಿ ಭಾರತದ ಜನರಲ್ ಗ್ರೇಡ್ ಲೈಸೆನ್ಸ್ ಇಟ್ಟುಕೊಂಡು 20 ಮೀಟರ್‌ನಲ್ಲೇ ಪಳಗಿದ ನಮ್ಮವರು ಇಲ್ಲಿ ಟೆಕ್ನಿಷಿಯನ್ ಪಾಸಾದ ಕೂಡಲೇ ಅದೇ ಅಭ್ಯಾಸದಲ್ಲಿ ಅಲ್ಲಿಗೆ ಹೋದರೆ ತಪ್ಪಾಗುತ್ತದೆ. ಹಾಗೆಂದು ದಾಖಲೆಯಲ್ಲಿ ಟೆಕ್ನಿಷಿಯನ್ ಎಂದು ಕಂಡವರೆಲ್ಲ ತಪ್ಪಿತಸ್ಥರಲ್ಲ. ನಿನ್ನೆಯಷ್ಟೇ ಇಲ್ಲಿನ ಮುಂದಿನ ದರ್ಜೆಯಾದ ಜನರಲ್ ಪಾಸಾದವರಿಗೆ ಪ್ರಮಾಣಪತ್ರ ಕೈಗೆ ಬಂದ ಕ್ಷಣದಿಂದ ಹಕ್ಕಿದೆ. ಎಫ್‌ಸಿಸಿ ದಾಖಲೆ ಬದಲಾಗುವವರೆಗೆ ಕಾಲ್‌ಸೈನ್ ಕೊನೆಗೆ ಎಜಿ ಸೇರಿಸಿದರಾಯಿತು. ಎಫ್‌ಟಿ8ರಲ್ಲಿ ಇಂಥ ಬಾಲ ಸೇರಿಸುವುದು ತೊಡಕಿನದು, ಕೆಲವರು ಬಿಟ್ಟುಬಿಡುತ್ತಾರೆ. ಆದ್ದರಿಂದ ಕೆಲವು ದಿನ ಬಿಟ್ಟು ದಾಖಲೆಯನ್ನು ಮತ್ತೊಮ್ಮೆ ನೋಡಿ, ಆಮೇಲೆ ಪತ್ರ ಬರೆಯುವ ತಾಳ್ಮೆಗೆ ನಮ್ಮ ದೊಡ್ಡ ಸಲಾಮು.

ಯುಟಿಸಿ (ವಿಶ್ವಮಾನ್ಯ) ಸಮಯ, ತರಂಗಾಂತರ, ಮೋಡ್, ಧ್ವನಿಮುದ್ರಣ ಇವಿಷ್ಟಿದ್ದರೂ ಒಬ್ಬರ ಕಿವಿ ಸಾಲದು. ಕಾಲ್‌ಸೈನ್ ತಪ್ಪಾಗಿ ಕೇಳಿಸಬಹುದು, ಬೇರೆಯವರ ಕಾಲ್‌ಸೈನ್ ಕದ್ದವನೂ ಇರಬಹುದು. ಸ್ಕಿಪ್ ದೂರದಿಂದಾಗಿ, ಅಂದರೆ ರೇಡಿಯೋ ಅಲೆ ನಡುವಿನ ಜಾಗವನ್ನು ಹಾರಿ ದೂರದಲ್ಲಿ ಇಳಿಯುವುದರಿಂದ, ಜಗಳದ ಒಂದೇ ಪಕ್ಷ ಕಿವಿಗೆ ಬಿದ್ದು, ಪ್ರತಿಕ್ರಿಯೆ ಕೊಟ್ಟವನೇ ಕೆಣಕಿದವನಂತೆ ತೋರುವುದೂ ಉಂಟು. ಬೇರೆ ರಾಜ್ಯದಲ್ಲಿ ಕುಳಿತ ಇನ್ನೊಬ್ಬರು ಸ್ವತಂತ್ರವಾಗಿ ಕೇಳಿ ದೃಢಪಡಿಸಿದಾಗಲೇ ಅದಕ್ಕೆ ತೂಕ. ದೇಶದ ಮೂಲೆಮೂಲೆಯಲ್ಲಿ ಕಿವಿಗಳಿರಬೇಕಾದ್ದು ಇದಕ್ಕೇ. ತಾನೇ ಒಳಗೊಂಡ ಜಗಳವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು ದೂರ ಸರಿದ, ಕೇಳಿದ್ದನ್ನು ಕ್ಲಬ್ಬಿನ ಹರಟೆಯಲ್ಲಿ ಬಾಯಿಬಿಡದ ಪ್ರತಿಯೊಬ್ಬರಿಗೂ ವಂದನೆ.

ಒಳ್ಳೆಯ ಆಪರೇಟರ್‌ಗಳಿಗೆ ಮೆಚ್ಚುಗೆ ಪತ್ರ ಬರೆಯುವ ಪದ್ಧತಿಯನ್ನು ಉಳಿಸಿಕೊಂಡಿದ್ದು ನಮಗೆ ತುಂಬ ಖುಷಿ ಕೊಟ್ಟಿದೆ. ಹೊಸಬರ ತಡವರಿಕೆಗೆ ಕಾದು ನಿಂತ ನೆಟ್ ಕಂಟ್ರೋಲ್‌ಗೆ (ರೇಡಿಯೋ ಕೂಟ ನಡೆಸುವವರಿಗೆ) ಅಂಥದೊಂದು ಪತ್ರ ಬಂದರೆ ಆ ನೆಟ್ಟಿನ ನಡತೆಯೇ ಬದಲಾಗುತ್ತದೆ.

ಸೂಚನೆ ಬಂದಾಗ ಮುನಿಸಿಕೊಳ್ಳದೆ ತಿದ್ದಿಕೊಂಡವರಿಗೂ ಧನ್ಯವಾದ. ನಮ್ಮ ಕನ್ನಡ ಬಳಗಕ್ಕೆ ಒಂದು ಕೋರಿಕೆ: ಮನೆ ಬದಲಿಸಿದಾಗ ಎಫ್‌ಸಿಸಿ ದಾಖಲೆಯಲ್ಲಿ ವಿಳಾಸವನ್ನೂ ಇಮೇಲನ್ನೂ ಕೂಡಲೇ ಬದಲಿಸಿ. ಮೆಚ್ಚುಗೆಯಾಗಲಿ ಸೂಚನೆಯಾಗಲಿ, ಸ್ವಯಂಸೇವಕರು ಇಷ್ಟು ಶ್ರಮಪಟ್ಟು ಬರೆದ ಪತ್ರ ನಿಮ್ಮ ಕೈಸೇರಲಿ.