ಫೈಟರ್ ವಿಮಾನ ಬೇಕು, ಟೆಸ್ಟಿಂಗ್ ಕೇಂದ್ರವೂ ಬೇಕು

ಮಾನ್ಯ ಸಂಪಾದಕರೇ,

ವಾಯುಪಡೆಗೆ 114 ಹೊಸ ಫೈಟರ್ ವಿಮಾನ ತರುವ ಸುದ್ದಿ ಬಂದಾಗಲೆಲ್ಲ ಜನ ಎರಡು ಗುಂಪಾಗಿ ಮಾತಾಡುತ್ತಾರೆ. ಒಬ್ಬರು ಫ್ರಾನ್ಸ್‌ನಿಂದ ಬೇಗ ತನ್ನಿ ಅಂತಾರೆ. ಇನ್ನೊಬ್ಬರು ಹೊರಗಿನದು ಬೇಡ, ಎಲ್ಲ ಇಲ್ಲೇ ಮಾಡಿ ಅಂತಾರೆ. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕೆಲಸದಲ್ಲಿರುವವನು. ಭಟ್ಟಿ, ಮೋಲ್ಡ್, ಕಾಸ್ಟಿಂಗ್, ಇದೇ ನನ್ನ ದಿನ. ಈ ಎರಡೂ ಗುಂಪಿನವರು ಬಿಟ್ಟುಬಿಡುವ ಒಂದು ವಿಷಯ ನಮ್ಮಂಥವರ ಕಣ್ಣಿಗೆ ದಿನಾ ಬೀಳುತ್ತದೆ, ಅದನ್ನೇ ಬರೆಯುತ್ತಿದ್ದೇನೆ. ಮಾಡಿದ ವಸ್ತುವನ್ನು ಟೆಸ್ಟ್ ಮಾಡಿ, ಇದು ಸರಿಯಿದೆ ಅಂತ ಸೀಲು ಹಾಕುವ ಜಾಗ ನಮ್ಮಲ್ಲಿ ಸಾಕಷ್ಟಿಲ್ಲ.

ಮೊದಲು ಪರಿಸ್ಥಿತಿ ನೋಡಿ. ನಮ್ಮ ವಾಯುಪಡೆಗೆ ಮಂಜೂರಾದ ಫೈಟರ್ ಸ್ಕ್ವಾಡ್ರನ್‌ಗಳು 42. ಒಂದೊಂದರಲ್ಲಿ 16ರಿಂದ 18 ವಿಮಾನ. 1963ರಲ್ಲಿ ಬಂದ ಮಿಗ್-21 ಅನ್ನು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಟ್ಟರು, ಆ ದಿನಕ್ಕೆ ಉಳಿದದ್ದು 29. ಜಾಗ್ವಾರ್ 1979ರಿಂದ ಇದೆ, ಅದನ್ನು ಇವತ್ತು ಜಗತ್ತಿನಲ್ಲಿ ಹಾರಿಸುತ್ತಿರುವುದು ನಾವೊಬ್ಬರೇ. 2025ರ ಒಂದೇ ವರ್ಷದಲ್ಲಿ ಮೂರು ಜಾಗ್ವಾರ್ ಬಿದ್ದವು, ಪೈಲಟ್‌ಗಳು ಪ್ರಾಣ ಕಳೆದುಕೊಂಡರು. ಆ ಕಡೆ ಚೀನಾ ತನ್ನದೇ ಜೆ-20 ವಿಮಾನಗಳನ್ನು ಸಾಲಾಗಿ ಹೊರಗೆ ತರುತ್ತಿದೆ, ಪಾಕಿಸ್ತಾನಕ್ಕೆ ಜೆ-10ಸಿ ಕೊಟ್ಟಿದೆ. ಹಾಗಾಗಿ ಈಗ ಹೊರಗಿನಿಂದ ಒಂದಿಷ್ಟು ವಿಮಾನ ತರಲೇಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಗಡಿಯಲ್ಲಿ ಇರುವವರಿಗೆ ಇನ್ನು ಹತ್ತು ವರ್ಷ ಕಾಯಿರಿ ಅಂತ ಹೇಳಲು ಆಗುವುದಿಲ್ಲ.

ಆದರೆ ತಂದದ್ದು ತಂದಷ್ಟೇ. ಮುಂದಿನದು ನಮ್ಮದೇ ಫೈಟರ್ ತೇಜಸ್ಸೇ ಅಲ್ವಾ? ಅದರ ಕತೆ ಏನಾಗಿದೆ ನೋಡಿ. 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ 2021ರ ಫೆಬ್ರವರಿಯಲ್ಲಿ ಬೆಂಗಳೂರಿನ ಏರೋ ಇಂಡಿಯಾದಲ್ಲೇ ಒಪ್ಪಂದ ಆಯಿತು. 2024ರ ಆರಂಭದಿಂದ ವಿಮಾನಗಳು ಬರಬೇಕಿತ್ತು. 2025 ಮುಗಿಯುವ ತನಕ ಒಂದೂ ವಾಯುಪಡೆಯ ಕೈ ಸೇರಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇನ್ನೂ 97ಕ್ಕೆ ₹62,370 ಕೋಟಿಯ ಆರ್ಡರ್ ಕೊಟ್ಟರು. ಸಮಯಕ್ಕೆ ಮುಗಿದ ಒಂದು ಯೋಜನೆಯೂ ನೆನಪಿಗೆ ಬರುತ್ತಿಲ್ಲ ಅಂತ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್ ಅವರು 2025ರ ಮೇ ತಿಂಗಳಲ್ಲಿ ಉದ್ಯಮಿಗಳ ಎದುರೇ ಹೇಳಿದರು. ಅಷ್ಟು ದೊಡ್ಡ ಹುದ್ದೆಯಲ್ಲಿರುವವರು ಹಾಗೆ ಬಾಯಿಬಿಟ್ಟು ಹೇಳಬೇಕಾಯಿತು ಎಂದರೆ ಎಷ್ಟು ತಾಳಿಕೊಂಡಿರಬೇಕು.

ತಡಕ್ಕೆ ಒಂದು ದೊಡ್ಡ ಕಾರಣ ಎಂಜಿನ್. ತೇಜಸ್‌ಗೆ ಹಾಕುವ ಎಫ್-404 ಎಂಜಿನ್ ಅಮೆರಿಕದ ಜಿಇ ಕಂಪನಿಯದು. ಈ ಮಾದರಿಯ ಉತ್ಪಾದನೆ ನಿಂತು ವರ್ಷಗಳೇ ಆಗಿದ್ದವು, ಲೈನ್ ಮತ್ತೆ ಶುರು ಮಾಡಬೇಕಾಯಿತು, ಆರ್ಡರ್ ಕೊಟ್ಟ 99ರಲ್ಲಿ ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ. ವಿಮಾನ ಮಾಡುವ ಎಚ್‌ಎಎಲ್‌ನವರ ತಪ್ಪೂ ಇದೆ, ಅದನ್ನು ಯಾರೂ ಮುಚ್ಚಿಡಬೇಕಿಲ್ಲ. ಆದರೂ ಎಂಜಿನ್ ಇಲ್ಲದ ವಿಮಾನ ಶೆಡ್ಡಿನಲ್ಲೇ ನಿಲ್ಲಬೇಕು.

ಇದೇನು ಹೊಸ ಕಾಯಿಲೆಯಲ್ಲ. ಬೆಂಗಳೂರಿನಲ್ಲಿ ಎಚ್‌ಎಎಲ್ ಮಾಡಿದ ಮಾರುತ್ ಎನ್ನುವ ಫೈಟರ್ 1961ರ ಜೂನ್ 17ರಂದೇ ಹಾರಿತ್ತು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಜೊತೆ ನಮ್ಮವರೇ ಸೇರಿ ಮಾಡಿದ್ದು. ವಿಮಾನದ ಮೈಕಟ್ಟು ಚೆನ್ನಾಗಿತ್ತು, ಆದರೆ ಅದಕ್ಕೆ ತಕ್ಕ ಶಕ್ತಿಯ ಎಂಜಿನ್ ಸಿಗಲಿಲ್ಲ. ಬ್ರಿಟನ್ನಿನ ಕಂಪನಿ ದೊಡ್ಡ ಎಂಜಿನ್ ಬೆಳೆಸಲು ದುಡ್ಡು ಹಾಕಿ ಅಂತ ಕೇಳಿದಾಗ ನಮ್ಮ ಸರ್ಕಾರ ಒಪ್ಪಲಿಲ್ಲ. ಚಿಕ್ಕ ಎಂಜಿನ್ ಹಾಕಿಕೊಂಡೇ ಅದು 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿತು. 147 ವಿಮಾನಕ್ಕೆ ನಿಂತಿತು. ಅವತ್ತು ಒಂದಿಷ್ಟು ಹಣ ಉಳಿಸಿದ್ದಕ್ಕೆ ನಾವು ಮುಂದೆ ಎಷ್ಟು ಪಟ್ಟು ತೆತ್ತಿದ್ದೇವೆ ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಕಾವೇರಿ ಎಂಜಿನ್. 1989ರಲ್ಲಿ ಮಂಜೂರಾಯಿತು, ಬೆಂಗಳೂರಿನ ಜಿಟಿಆರ್‌ಇ ಪ್ರಯೋಗಾಲಯಕ್ಕೆ ಕೆಲಸ ಕೊಟ್ಟರು. ತೇಜಸ್‌ಗೆ ಬೇಕಾದಷ್ಟು ಬಲ ಬರಲಿಲ್ಲ ಅಂತ 2008ರಲ್ಲಿ ಎರಡನ್ನೂ ಬೇರೆ ಮಾಡಿದರು. ಎಲ್ಲರೂ ಕಾವೇರಿ ಸೋತಿತು ಅಂತ ಸುಮ್ನೆ ಹೇಳಿ ಮುಗಿಸುತ್ತಾರೆ. ಆದರೆ ಆ ಎಂಜಿನ್‌ಅನ್ನು ಎತ್ತರದಲ್ಲಿ ಹಾರಿಸಿ ನೋಡಲು ಎಲ್ಲಿಗೆ ಒಯ್ದರು ಗೊತ್ತಾ? ರಷ್ಯಾಕ್ಕೆ. 2010ರಲ್ಲಿ ಅಲ್ಲಿನ ಐಎಲ್-76 ವಿಮಾನಕ್ಕೆ ಕಟ್ಟಿ ಹಾರಿಸಿದರು. ನಮ್ಮ ಎಂಜಿನ್, ನಮ್ಮ ಎಂಜಿನಿಯರುಗಳು, ಟೆಸ್ಟ್ ಮಾಡಲು ಮಾತ್ರ ಬೇರೆ ದೇಶದ ಸರದಿಗೆ ಕಾಯಬೇಕು, ಅವರು ಯಾವಾಗ ವಿಮಾನ ಕೊಡುತ್ತಾರೋ ಆವಾಗ ಹಾರಿಸಬೇಕು, ತಪ್ಪು ಸಿಕ್ಕರೆ ವಾಪಸ್ ತಂದು ಸರಿಮಾಡಿ ಮತ್ತೆ ಒಯ್ಯಬೇಕು. ಹೀಗಿದ್ದರೆ ಯಾರ ಎಂಜಿನ್ ಆದರೂ ತಡವಾಗುತ್ತದೆ. ಸ್ವಂತ ಎಂಜಿನ್ ಮಾಡುವ ದೇಶಗಳು ಮೊದಲು ಟೆಸ್ಟ್ ಮಾಡುವ ಜಾಗ ಕಟ್ಟಿಕೊಂಡವು.

ನಮ್ಮವರ ಕೈಲಿ ಆಗುವುದಿಲ್ಲ ಎನ್ನುವ ಮಾತನ್ನು ನಾನಂತೂ ಒಪ್ಪುವುದಿಲ್ಲ. 1998ರ ಪೋಖ್ರಾನ್ ಪರೀಕ್ಷೆ ಆದ ಮೇಲೆ ಅಮೆರಿಕ ನಿರ್ಬಂಧ ಹಾಕಿತು. ತೇಜಸ್‌ನ ಹಾರಾಟ ನಿಯಂತ್ರಣದ ಕೆಲಸಕ್ಕೆ ಅಲ್ಲಿಗೆ ಹೋಗಿದ್ದ ನಮ್ಮ ಎಂಜಿನಿಯರುಗಳನ್ನು ವಾಪಸ್ ಕಳಿಸಿದರು. ಬೆಂಗಳೂರಿನಲ್ಲಿ ಕೂತು ಅದನ್ನು ನಾವೇ ಮುಗಿಸಿದೆವು. 2001ರ ಜನವರಿ 4ರಂದು ತೇಜಸ್ ಹಾರಿತು, ಅಲ್ಲಿಂದ 2024ರ ಮಾರ್ಚ್ ತನಕ ಒಂದೂ ಅಪಘಾತ ಇಲ್ಲ. 2025ರ ನವೆಂಬರ್‌ನಲ್ಲಿ ದುಬೈ ಪ್ರದರ್ಶನದಲ್ಲಿ ತೇಜಸ್ ಬಿದ್ದು ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಅವರು ತೀರಿಕೊಂಡಾಗ ಕೆಲವರು ಮೊಬೈಲಿನಲ್ಲಿ ಆ ವಿಮಾನವನ್ನು ಗೇಲಿ ಮಾಡಿದರು. ಅದನ್ನು ಓದಿ ನನಗೆ ಎರಡು ದಿನ ಕೆಲಸಕ್ಕೆ ಮನಸ್ಸೇ ಬರಲಿಲ್ಲ.

ಈಗ ನನ್ನ ಕಸುಬಿನ ಮಾತು. ಜೆಟ್ ಎಂಜಿನ್ನಿನ ಒಳಗೆ ಟರ್ಬೈನ್ ಬ್ಲೇಡ್ ಇರುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದರ ಮೇಲೆ ಹಾಯುವ ಗಾಳಿಯ ಬಿಸಿ, ಆ ಬ್ಲೇಡಿನ ಲೋಹ ಕರಗುವ ಬಿಸಿಗಿಂತ ಜಾಸ್ತಿ. ಆದರೂ ಕರಗಬಾರದು, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ಹಿಗ್ಗಬಾರದು. ಅದಕ್ಕೇ ಬ್ಲೇಡಿನ ಹೊಟ್ಟೆಯೊಳಗೆ ಸಣ್ಣ ಸಣ್ಣ ದಾರಿ ಬಿಟ್ಟು ತಣ್ಣನೆಯ ಗಾಳಿ ಹರಿಸುತ್ತಾರೆ. ನಾವು ಪಂಪಿನ ಹೌಸಿಂಗ್ ಎರೆದಾಗ ಲೋಹ ಆರುತ್ತಾ ಲೆಕ್ಕವಿಲ್ಲದಷ್ಟು ಕಣಗಳಾಗಿ ಗಟ್ಟಿಯಾಗುತ್ತದೆ. ಪಂಪಿಗೆ ಅದು ನಡೆಯುತ್ತದೆ. ಆದರೆ ಅಷ್ಟು ಬಿಸಿಯಲ್ಲಿ ಎಳೆದಾಗ ಕಣ ಕಣ ಕೂಡುವ ಜಾಗದಲ್ಲೇ ಬಿರುಕು ಬಿಡುತ್ತದೆ. ಆದ್ದರಿಂದ ಇಡೀ ಬ್ಲೇಡು ಒಂದೇ ಹರಳಾಗಿ ಬೆಳೆಯಬೇಕು. ಮೇಣದ ಮಾದರಿ ಮಾಡಿ, ಅದರ ಮೇಲೆ ಸೆರಾಮಿಕ್ ಲೇಪ ಕೊಟ್ಟು, ಮೇಣ ಕರಗಿಸಿ, ಗಾಳಿ ಇಲ್ಲದ ಭಟ್ಟಿಯಲ್ಲಿ ಲೋಹ ಸುರಿದು ನಿಧಾನಕ್ಕೆ ಕೆಳಗಿನಿಂದ ಮೇಲಕ್ಕೆ ತಣಿಸುತ್ತಾರೆ. ಹೈದರಾಬಾದಿನ ಡಿಎಂಆರ್‌ಎಲ್ ಪ್ರಯೋಗಾಲಯ ಇದನ್ನು ಮಾಡಿ ತೋರಿಸಿದೆ. ಹೆಲಿಕಾಪ್ಟರ್ ಎಂಜಿನ್ನಿಗೆ ಅಂತ 2021ರಲ್ಲಿ 60 ಬ್ಲೇಡುಗಳನ್ನು ಎಚ್‌ಎಎಲ್‌ಗೆ ಕೊಟ್ಟಿತು. ನಾನು ಆ ಸುದ್ದಿಯನ್ನು ಮತ್ತೆ ಮತ್ತೆ ಓದಿದ್ದೇನೆ. ಎರಕದವನಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ಹೊರಗಿನವರಿಗೆ ಹೇಳುವುದು ಕಷ್ಟ.

ಬೆಳಗಾವಿಯ ಫೌಂಡ್ರಿಗಳು ನಾಳೆಯೇ ಅಂಥ ಬ್ಲೇಡು ಮಾಡುತ್ತವೆ ಅಂತ ನಾನು ಹೇಳುತ್ತಿಲ್ಲ. ಆದರೆ ವಿಮಾನದಲ್ಲಿ ಬ್ಲೇಡ್ ಬಿಟ್ಟು ಸಾವಿರಾರು ಭಾಗಗಳಿವೆ. ಬ್ರ್ಯಾಕೆಟ್, ಹೌಸಿಂಗ್, ವಾಲ್ವ್, ಹೈಡ್ರಾಲಿಕ್ ಸಿಲಿಂಡರ್, ನೆಲದ ಮೇಲೆ ವಿಮಾನ ನಿಲ್ಲಿಸಿ ರಿಪೇರಿ ಮಾಡಲು ಬೇಕಾಗುವ ಜಾಕ್. ಹೈಡ್ರಾಲಿಕ್ಸ್ ಮತ್ತು ಎರಕ ಎರಡರಲ್ಲೂ ಈ ಊರಿಗೆ ಹೆಸರಿದೆ. ಹುಕ್ಕೇರಿ ಕಡೆ ಹತ್ತರಗಿಯಲ್ಲಿ 2009ರಲ್ಲಿ ಶುರುವಾದ ವಿಶೇಷ ಆರ್ಥಿಕ ವಲಯದಿಂದ (ಎಸ್‌ಇಜೆಡ್) ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಭಾಗಗಳು ಹೋಗುತ್ತಿವೆ. ನಮ್ಮ ಜಿಲ್ಲೆಯ ಹಳ್ಳಿಯ ಹುಡುಗರೇ ಆ ಮಷೀನುಗಳ ಮುಂದೆ ನಿಂತು ಮಾಡುತ್ತಾರೆ. ಹೊರದೇಶದ ಪ್ಯಾಸೆಂಜರ್ ವಿಮಾನಕ್ಕೆ ಆಗುವ ಕೈ ನಮ್ಮದೇ ಫೈಟರ್‌ಗೆ ಯಾಕೆ ಆಗಬಾರದು?

ಅಡ್ಡಿ ಎಲ್ಲಿದೆ ಅಂದರೆ, ಅದೇ ಟೆಸ್ಟ್. ಸಾಮಾನ್ಯ ಕಾಸ್ಟಿಂಗಿಗೆ ಬೇಕಾದ ಪರೀಕ್ಷೆ ಇಲ್ಲೇ ಆಗುತ್ತದೆ. ವಿಮಾನದ ಭಾಗಕ್ಕೆ ಅಷ್ಟು ಸಾಲದು. ಒಳಗೆ ಗಾಳಿ ಸಿಕ್ಕಿ ಆದ ಕೂದಲಿನಷ್ಟು ತೂತು (ಬ್ಲೋ ಹೋಲ್) ಇದೆಯಾ ನೋಡಬೇಕು, ಪ್ರತಿ ಹೀಟಿನ, ಅಂದರೆ ಒಂದೊಂದು ಸಲ ಕರಗಿಸಿದ ಲೋಹದ, ಲೆಕ್ಕ ಇಡಬೇಕು, ಹೀಟ್ ಟ್ರೀಟ್‌ಮೆಂಟಿಗೂ ಪ್ಲೇಟಿಂಗಿಗೂ ಬೇರೆ ಬೇರೆ ಮಾನ್ಯತೆ ಇರಬೇಕು. ಇದೆಲ್ಲ ಬೇಕು, ಮನುಷ್ಯನ ಪ್ರಾಣದ ವಿಷಯ, ಇದರಲ್ಲಿ ಸಡಿಲ ಮಾಡಬೇಡಿ. ಆದರೆ ಅದಕ್ಕೆ ಪ್ರತಿಸಲ ಬೆಂಗಳೂರಿಗೋ ಪುಣೆಗೋ ಓಡಬೇಕು. ನಾವೊಮ್ಮೆ ರಕ್ಷಣಾ ಕೆಲಸದ ಒಂದು ಭಾಗಕ್ಕೆ ಸ್ಯಾಂಪಲ್ ಮಾಡಿದ್ದೆವು. ಸ್ಯಾಂಪಲ್ ಚೆನ್ನಾಗಿಯೇ ಬಂದಿತ್ತು. ರಿಪೋರ್ಟ್ ಕೈಗೆ ಬರುವ ಹೊತ್ತಿಗೆ ಆ ಕಡೆಯವರು ಬೇರೆಯವರಿಗೆ ಆರ್ಡರ್ ಕೊಟ್ಟಾಗಿತ್ತು. ಸಣ್ಣ ಆರ್ಡರ್ ಸಿಕ್ಕರೂ ಹಣ ಬರುವುದು ಯಾವಾಗ? 45 ದಿನದೊಳಗೆ ಸಣ್ಣ ಉದ್ಯಮಕ್ಕೆ ಹಣ ಕೊಡಬೇಕು ಅಂತ 2006ರ ಕಾಯ್ದೆ ಹೇಳುತ್ತದೆ. ಅದು ಪಾಲನೆಯಾದರೆ ಸಾಕು, ಇಲ್ಲಿ ಎಷ್ಟೋ ಜನ ಬ್ಯಾಂಕಿಗೆ ಕಟ್ಟುವ ಬಡ್ಡಿ ಉಳಿಯುತ್ತದೆ.

ಇದಕ್ಕೆ ದಾರಿ ಇಲ್ಲ ಅಂತಲ್ಲ. ರಕ್ಷಣಾ ವಸ್ತುಗಳ ಟೆಸ್ಟಿಂಗ್ ಕೇಂದ್ರ ಕಟ್ಟಲು ಕೇಂದ್ರ ಸರ್ಕಾರವೇ 2020ರ ಮೇ ತಿಂಗಳಲ್ಲಿ ₹400 ಕೋಟಿಯ ಯೋಜನೆ ತಂದಿತು. ಅದರಲ್ಲಿ ಖರ್ಚಿನ ನೂರಕ್ಕೆ 75ರ ತನಕ ಕೇಂದ್ರ ಕೊಡುತ್ತದೆ, ಉಳಿದದ್ದನ್ನು ಉದ್ಯಮಗಳು, ರಾಜ್ಯ ಸರ್ಕಾರ ಸೇರಿ ಹಾಕಬೇಕು ಅಂತ ನಿಯಮವಿತ್ತು. ಮಂಜೂರಾದ ಕೇಂದ್ರಗಳಲ್ಲಿ ಹೆಚ್ಚಿನವು ಉತ್ತರ ಪ್ರದೇಶ, ತಮಿಳುನಾಡಿನಲ್ಲಿವೆ. ರಕ್ಷಣಾ ಉತ್ಪಾದನೆಗೆ ಅಂತ ಕೇಂದ್ರ ಗುರುತಿಸಿದ ಡಿಫೆನ್ಸ್ ಕಾರಿಡಾರ್ ಇರುವುದೂ ಆ ಎರಡು ರಾಜ್ಯಗಳಲ್ಲೇ. ಎಚ್‌ಎಎಲ್, ರಕ್ಷಣಾ ಸಂಶೋಧನೆ ಮಾಡುವ ಡಿಆರ್‌ಡಿಒದ ಎಷ್ಟೋ ಪ್ರಯೋಗಾಲಯ, ತೇಜಸ್, ತುಮಕೂರಿನ ಗುಬ್ಬಿಯ ಹೆಲಿಕಾಪ್ಟರ್ ಕಾರ್ಖಾನೆ, ಎಲ್ಲ ಇಟ್ಟುಕೊಂಡ ಕರ್ನಾಟಕಕ್ಕೆ ಕಾರಿಡಾರ್ ಇಲ್ಲ. ರಾಜ್ಯ ಸರ್ಕಾರ ಕೇಳಿದೆ. ಇನ್ನೂ ಗಟ್ಟಿಯಾಗಿ ಕೇಳಬೇಕು.

ಇನ್ನೊಂದು ಮಾತು. ದೇವನಹಳ್ಳಿ ಹತ್ತಿರ ಏರೋಸ್ಪೇಸ್ ಪಾರ್ಕಿಗೆ 1,777 ಎಕರೆ ಭೂಮಿ ತೆಗೆದುಕೊಳ್ಳಲು ಹೊರಟು, ರೈತರು ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ಕೈಬಿಟ್ಟದ್ದು ಸರಿ. ಬೆಳೆಯುವ ಭೂಮಿ ಕಿತ್ತುಕೊಂಡು ದೇಶ ರಕ್ಷಣೆ ಆಗುವುದಿಲ್ಲ. ಆದರೆ ಎಲ್ಲವೂ ಬೆಂಗಳೂರಿನ ಸುತ್ತಲೇ ಇರಬೇಕು ಅಂತ ಯಾರು ಹೇಳಿದರು? ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾದಲ್ಲಿ ಈಗಾಗಲೇ ಶೆಡ್ಡುಗಳಿವೆ, ಭಟ್ಟಿಗಳಿವೆ, ಕೆಲಸ ಗೊತ್ತಿರುವ ಜನ ಇದ್ದಾರೆ. ಇವರಿಗೆ ಹೊಸ ಪಾರ್ಕ್ ಬೇಡ, ಒಂದು ಒಳ್ಳೆ ಲ್ಯಾಬ್ ಸಾಕು.

ಜನರ ವಿಷಯಕ್ಕೆ ಬಂದರೆ, ಬೆಳಗಾವಿ ಹತ್ತಿರದ ಸಾಂಬ್ರಾದ ವಾಯುಪಡೆ ತರಬೇತಿ ಶಾಲೆಯಲ್ಲಿ ದೇಶದ ಎಲ್ಲ ಕಡೆಯ ಹುಡುಗರು, ಈಗ ಹುಡುಗಿಯರೂ, ಅಗ್ನಿವೀರವಾಯುಗಳಾಗಿ ತಯಾರಾಗುತ್ತಾರೆ. ನಾಲ್ಕು ವರ್ಷ ಆದ ಮೇಲೆ ನೂರಕ್ಕೆ 25ರ ತನಕ ಮಾತ್ರ ಉಳಿಸಿಕೊಳ್ಳುವ ನಿಯಮ. ರೇಡಾರ್, ಎಂಜಿನ್ ನೋಡುವ ಕೆಲಸ ಕಲಿಯಲಿಕ್ಕೇ ವರ್ಷಗಳು ಬೇಕು, ಕೈ ಕುದುರುವ ಹೊತ್ತಿಗೆ ಮನೆಗೆ ಕಳಿಸಿದರೆ ನಷ್ಟ ವಾಯುಪಡೆಗೇ. ಟೆಕ್ನಿಕಲ್ ಕೆಲಸದವರನ್ನಾದರೂ ಜಾಸ್ತಿ ಉಳಿಸಿಕೊಳ್ಳಬೇಕು ಅಂತ ನನ್ನ ಅನಿಸಿಕೆ. ಹೊರಬಂದವರನ್ನು ಗೇಟ್ ಕಾಯಲು ನಿಲ್ಲಿಸಬೇಡಿ. ವಿಮಾನದ ಭಾಗ ಪರೀಕ್ಷಿಸುವ ಲ್ಯಾಬ್ ಇಲ್ಲಿದ್ದರೆ ಮೊದಲ ಕೆಲಸ ಅವರಿಗೇ ಸಿಗುತ್ತದೆ. ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಇರುವುದೂ ಇದೇ ಊರಲ್ಲಿ, ಅದರ ಮಕ್ಕಳಿಗೂ ಅಲ್ಲೇ ಕಲಿಯಲು ಆಗುತ್ತದೆ.

2025-26ರ ರಕ್ಷಣಾ ಬಜೆಟ್ ₹6.81 ಲಕ್ಷ ಕೋಟಿ. ಮುಂದಿನ ಪೀಳಿಗೆಯ ಎಎಂಸಿಎ ಫೈಟರ್ ಬೆಳೆಸಲು 2024ರ ಮಾರ್ಚ್‌ನಲ್ಲೇ ₹15,000 ಕೋಟಿಗೆ ಒಪ್ಪಿಗೆ ಸಿಕ್ಕಿದೆ, ಅದರ ಎಂಜಿನ್‌ಗೆ ಫ್ರಾನ್ಸ್‌ನ ಸಫ್ರಾನ್ ಜೊತೆ ಮಾತಾಗಿದೆ. ಒಳ್ಳೆಯದು. ಆ ಎಂಜಿನ್‌ಅನ್ನೂ ಹೊತ್ತುಕೊಂಡು ರಷ್ಯಾಕ್ಕೆ ಹೋಗುವಂತಾಗಬಾರದು. ಎಂಜಿನ್ ಕಟ್ಟಿ ಹಾರಿಸಿ ನೋಡುವ ಒಂದು ವಿಮಾನ, ಎತ್ತರದ ಗಾಳಿಯನ್ನು ನೆಲದಲ್ಲೇ ಸೃಷ್ಟಿಸಿ ಪರೀಕ್ಷಿಸುವ ಒಂದು ಕೇಂದ್ರ, ಇವೆರಡನ್ನು ದೇಶದೊಳಗೆ ಈಗಲೇ ಶುರು ಮಾಡಬೇಕು. ಎಂಜಿನ್ ತಯಾರಾದ ಮೇಲೆ ಜಾಗ ಹುಡುಕಿದರೆ ಆಗುವುದಿಲ್ಲ.

ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುತ್ತದೆ. ಉತ್ತರ ಕರ್ನಾಟಕದ ಅಭಿವೃದ್ಧಿ ಅಂತ ಒಂದು ದಿನ ಚರ್ಚೆ ಇಡುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಶಾಸಕರು ಪಕ್ಷ ಬಿಟ್ಟು ಆವತ್ತು ಒಂದೇ ಪ್ರಶ್ನೆ ಕೇಳಲಿ. ಆ ಕೇಂದ್ರ ಯೋಜನೆಯಂಥದ್ದರಲ್ಲಿ ಬೆಳಗಾವಿಗೆ ಒಂದು ಟೆಸ್ಟಿಂಗ್ ಕೇಂದ್ರ ಬೇಕು ಅಂತ ರಾಜ್ಯ ಸರ್ಕಾರ ಅರ್ಜಿ ಹಾಕಿದೆಯಾ? ಹಾಕಿಲ್ಲ ಅಂದರೆ, ತನ್ನ ಪಾಲಿನ ಹಣ ಎಷ್ಟು ಇಡುತ್ತದೆ, ಯಾವ ತಿಂಗಳೊಳಗೆ ಹಾಕುತ್ತದೆ? ಉತ್ತರವನ್ನು ನಿಮ್ಮ ಪತ್ರಿಕೆ ದಯವಿಟ್ಟು ಮೊದಲ ಪುಟದಲ್ಲಿ ಹಾಕಬೇಕು.

ಇಂತಿ,
ಎರಕದ ಕೆಲಸದ ಒಬ್ಬ ಓದುಗ
ಉದ್ಯಮಬಾಗ, ಬೆಳಗಾವಿ