ಪ್ಲಗ್ ಹಾಕಿದ ಕೂಡಲೇ ಚಾರ್ಜ್ ಶುರುವಾಗದಿದ್ದರೆ ಗಾಬರಿ ಬೇಡ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ಬೆಂಗಳೂರಿನ ಮನೆ, ಅಪಾರ್ಟ್‌ಮೆಂಟ್‌ಗಳಲ್ಲಿ ನಾವು ಹಾಕಿಕೊಟ್ಟಿರುವ ಎಲೆಕ್ಟ್ರಿಕ್ ಕಾರ್ ಚಾರ್ಜರ್‌ಗಳು ಸ್ವಲ್ಪ ಬೇರೆ ಥರ ಕೆಲಸ ಮಾಡುತ್ತವೆ. ಸಂಜೆ ಪ್ಲಗ್ ಹಾಕಿದರೂ ಚಾರ್ಜ್ ಯಾವಾಗ ಶುರುವಾಗಬೇಕು ಎನ್ನುವುದನ್ನು ಎಐ ತಂತ್ರಾಂಶ ನೋಡಿಕೊಳ್ಳುತ್ತದೆ. ಬೆಳಿಗ್ಗೆ 6ಕ್ಕೆ ಗಾಡಿ ರೆಡಿ ಇರುತ್ತದೆ. ಸ್ಕೂಟರ್ ಇರುವವರಿಗೆ ಏನೂ ಬದಲಾವಣೆಯಿಲ್ಲ, ಅವು ಎಳೆಯುವ ಕರೆಂಟ್ ಕಡಿಮೆ.

ಯಾಕೆ ಈ ಬದಲಾವಣೆ? ದಿನಕ್ಕೆ 40 ಕಿಲೋಮೀಟರ್ ಓಡುವ ಕಾರಿಗೆ ಸುಮಾರು 6 ಯೂನಿಟ್ ಸಾಕು. 3.3 ಕಿಲೋವ್ಯಾಟ್ ಚಾರ್ಜರ್‌ನಲ್ಲಿ ಅದು ಎರಡು ಗಂಟೆಯ ಕೆಲಸ. ಗಾಡಿಯೋ, ರಾತ್ರಿ 8ರಿಂದ ಬೆಳಿಗ್ಗೆವರೆಗೆ ಸುಮ್ನೆ ನಿಂತಿರುತ್ತದೆ. ಆದರೂ ಮದುವೆ ಊಟದ ಮೊದಲ ಪಂಕ್ತಿಗೆ ನುಗ್ಗುವ ಹಾಗೆ ಎಲ್ಲರೂ 8 ಗಂಟೆಗೇ ಚಾರ್ಜ್‌ಗೆ ಹಾಕುತ್ತೇವೆ. 20 ಕಾರು ಒಟ್ಟಿಗೆ ಎಳೆದರೆ 66 ಕಿಲೋವ್ಯಾಟ್. ಬೀದಿಯಲ್ಲಿರುವುದು 100 ಕೆವಿಎ (ಹೆಚ್ಚೆಂದರೆ ಸುಮಾರು 100 ಕಿಲೋವ್ಯಾಟ್ ತಾಳುವ) ಟ್ರಾನ್ಸ್‌ಫಾರ್ಮರ್ ಆದರೆ, ಮನೆಗಳ ಲೈಟು, ಏಸಿ, ಮಿಕ್ಸಿಗೆ ಉಳಿಯುವುದೆಷ್ಟು? ಲೋಡ್ ಜಾಸ್ತಿಯಾದರೆ ಒಳಗಿನ ಎಣ್ಣೆ ಕಾಯುತ್ತದೆ, ಇನ್ಸುಲೇಶನ್ ಬೇಗ ಹಾಳಾಗುತ್ತದೆ.

ಹತ್ತು ಗಂಟೆಗೆ ಟೈಮರ್ ಇಟ್ಟರಾಯ್ತು, ಅಲ್ವಾ? ಆಗಲ್ಲ. ಎಲ್ಲರ ಟೈಮರ್ ಹತ್ತಕ್ಕೇ ಹೊಡೆದರೆ ನೂಕುನುಗ್ಗಲು ಹತ್ತಕ್ಕೆ ಶುರು, ಅಷ್ಟೇ. ಬ್ರಿಟನ್‌ನಲ್ಲಿ ಇದಕ್ಕಾಗಿಯೇ 2022ರ ಜೂನ್ 30ರಿಂದ ಒಂದು ನಿಯಮವಿದೆ. ಅಲ್ಲಿ ಮಾರುವ ಹೊಸ ಮನೆ ಚಾರ್ಜರ್‌ಗಳು ಗೊತ್ತುಮಾಡಿದ ಹೊತ್ತಿನಿಂದ 10 ನಿಮಿಷದೊಳಗೆ ಒಂದೊಂದೂ ಒಂದೊಂದು ಹೊತ್ತಿಗೆ ಶುರುವಾಗಬೇಕು.

ನಮ್ಮ ತಂತ್ರಾಂಶ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಕಟ್ಟಡದ ಮೀಟರ್‌ನ 15 ನಿಮಿಷಕ್ಕೊಂದು ರೀಡಿಂಗ್ ನೋಡಿ ಯಾವುದು ಏನೆಂದು ಗುರುತು ಹಿಡಿಯುತ್ತದೆ. ಕರೆಂಟ್ ಬಳಕೆಯ ಗ್ರಾಫ್‌ನಲ್ಲಿ ಗೀಸರ್‌ನ ಗೆರೆ ಸ್ವಲ್ಪ ಹೊತ್ತು ಏರಿ ಇಳಿಯುತ್ತದೆ. ಏಸಿಯದು ಏರುತ್ತಾ ಇಳಿಯುತ್ತಾ ಇರುತ್ತದೆ. ಕಾರಿನ ಗೆರೆ ಮಾತ್ರ ಗಂಟೆಗಟ್ಟಲೆ ನೇರ. ಇದನ್ನೆಲ್ಲ ಕಲಿತು ಇವತ್ತಿನ ರಾತ್ರಿಯ ಲೋಡ್ ಅಂದಾಜು ಮಾಡಿ, ಕಾರುಗಳನ್ನು ಸರದಿಗೆ ನಿಲ್ಲಿಸುತ್ತದೆ.

ಹಬ್ಬದ ಹಿಂದಿನ ರಾತ್ರಿ ಅದರ ಅಂದಾಜು ತಪ್ಪಬಹುದು. ನೀವು ಬೆಳಗಿನ ಜಾವ 3ಕ್ಕೆ ದೇವನಹಳ್ಳಿ ಏರ್‌ಪೋರ್ಟಿಗೆ ಹೊರಡಬೇಕೆಂಬುದಂತೂ ಅದಕ್ಕೆ ಗೊತ್ತಾಗುವುದೇ ಇಲ್ಲ. ಅಂಥ ದಿನ ಆ್ಯಪ್‌ನಲ್ಲಿ ‘ಈಗಲೇ’ ಒತ್ತಿ, ತಕ್ಷಣ ಶುರುವಾಗುತ್ತದೆ. ಕಾರಣ ಯಾರೂ ಕೇಳುವುದಿಲ್ಲ.

ಬಿಲ್ ಇಳಿಯುತ್ತದೆ ಎಂಬ ಆಸೆ ತೋರಿಸುವುದಿಲ್ಲ, ಯೂನಿಟ್ ಅಷ್ಟೇ ಇರುತ್ತದೆ. ನಮ್ಮ ಸೇವಾ ಶುಲ್ಕವೂ ಅಷ್ಟೇ. ಚಾರ್ಜಿಂಗ್ ಮಾಹಿತಿ ನೋಡಿದರೆ ನೀವು ಮನೆಯಲ್ಲಿಲ್ಲದ ಹೊತ್ತೂ ತಿಳಿದುಬಿಡುತ್ತದೆ. ಹಾಗಾಗಿ ಅದನ್ನು ಯಾರಿಗೂ ಕೊಡುವುದಿಲ್ಲ, ಮಾರುವುದಿಲ್ಲ.

ಈ ವ್ಯವಸ್ಥೆ ಬೇಡವೆನ್ನುವವರು ಈ ತಿಂಗಳ ಕೊನೆಯೊಳಗೆ ಒಂದು ಮೆಸೇಜ್ ಹಾಕಿ. ನಿಮ್ಮ ಚಾರ್ಜರ್ ಈಗಿರುವ ಹಾಗೆಯೇ ಇರುತ್ತದೆ.

ಇಂತಿ,
ನಿಮ್ಮ ಚಾರ್ಜಿಂಗ್ ಸೇವೆಯ ಬಳಗ