ಸಂಜೆ ಪಾಠ ಮತ್ತೆ ಶುರುವಾಗಲಿ: ಕೋಲಾರ ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಸಚಿವರಿಗೆ,

ನಮಸ್ಕಾರ ಸಾರ್.

ಮುಳಬಾಗಿಲು ತಾಲ್ಲೂಕಿನ ಗಡಿ ಕಡೆಯ ಹಳ್ಳಿಗಳಲ್ಲಿ ಹನ್ನೊಂದು ವರ್ಷದಿಂದ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದೇನೆ. ನನ್ನ ಗಂಡ ಚರ್ಚಿನ ಸಭಾಪಾಲಕರು. ಊರಲ್ಲಿ ನನ್ನನ್ನು ಪಾಸ್ಟರಮ್ಮ ಅಂತಲೇ ಕರೆಯುತ್ತಾರೆ. ಹೌದು, ನಾನು ಮಿಷನರಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಈ ಪತ್ರ ಬರೆಯಬೇಕಾಗಿ ಬಂದದ್ದೇ ಅದರಿಂದ.

ದಸರಾ ರಜೆ ಮುಗಿದ ವಾರ ನಮ್ಮ ಸಂಜೆ ಪಾಠ ನಿಂತುಹೋಯಿತು. ಒಂದು ಹಳ್ಳಿಯಲ್ಲಿ ಊರಿನವರೇ ಬಿಟ್ಟುಕೊಟ್ಟಿದ್ದ ಒಂದು ಕೋಣೆಯಲ್ಲಿ ಆರರಿಂದ ಎಂಟರವರೆಗೆ ಪಾಠ ನಡೆಯುತ್ತಿತ್ತು. ಮೂವತ್ತಕ್ಕೂ ಹೆಚ್ಚು ಮಕ್ಕಳು ಬರುತ್ತಿದ್ದರು. ಅಲ್ಲಿ ಮತಾಂತರ ನಡೆಯುತ್ತಿದೆ ಅಂತ ಯಾರೋ ಹೇಳಿದರು. ಆ ಮಾತು ವಾಟ್ಸಾಪ್‌ಗೆ ಹೋಯಿತು. ಕೋಣೆ ಕೊಟ್ಟವರು ಹೆದರಿದರು. "ಸದ್ಯಕ್ಕೆ ಬೇಡ ಪಾಸ್ಟರಮ್ಮ, ಮೇಲಿಂದ ಹೇಳಿದ್ದಾರೆ" ಅಂದರು. ಮೇಲಿಂದ ಅಂದರೆ ಯಾರು? ಕೇಳಿದರೆ ಉತ್ತರವಿಲ್ಲ. ಯಾರೂ ಒಂದು ಸಂಜೆ ಬಂದು ಕೂತು ನೋಡಲಿಲ್ಲ. ಒಂದು ಚೀಟಿಯಲ್ಲೂ ಕಾರಣ ಬರೆದು ಕೊಡಲಿಲ್ಲ.

ಅಲ್ಲಿ ಏನು ನಡೆಯುತ್ತಿತ್ತು ಅಂತ ನಾನೇ ಹೇಳುತ್ತೇನೆ.

ನಮ್ಮ ಕಡೆ ಮನೆಮಾತು ತೆಲುಗು, ಶಾಲೆ ಕನ್ನಡ. ಐದನೇ ತರಗತಿಯ ಹುಡುಗಿಯೊಬ್ಬಳು "ಅಮ್ಮ ಸಂತೆಗೆ ಹೋಯಿತು" ಅಂತ ಬರೆಯುತ್ತಾಳೆ. ಕೆಂಪು ಗೆರೆ ಬೀಳುತ್ತದೆ. ಯಾಕೆ ತಪ್ಪು ಅಂತ ಅವಳಿಗೆ ಯಾರೂ ಹೇಳಿಲ್ಲ. ತೆಲುಗಿನಲ್ಲಿ "ಅಮ್ಮ ವಚ್ಚಿಂದಿ", "ಬಸ್ಸು ವಚ್ಚಿಂದಿ", ಎರಡಕ್ಕೂ ಒಂದೇ ರೂಪ. ಆ ಎರಡು ವಾಕ್ಯ, ಪಕ್ಕದಲ್ಲಿ "ಅಮ್ಮ ಬಂದಳು", "ಬಸ್ಸು ಬಂತು" ಅಂತ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಹಸು ಕೂಡ ಹೆಣ್ಣೇ ಅಲ್ವಾ ಆಂಟಿ? ಮತ್ತೆ ಹಸು ಬಂದಳು ಅಂತ ಯಾಕೆ ಹೇಳಲ್ಲ?" ನನಗೆ ಅವತ್ತು ಎಷ್ಟು ಖುಷಿಯಾಯಿತು ಅಂದರೆ, ಮನೆಗೆ ಹೋಗುವವರೆಗೂ ಅದನ್ನೇ ನೆನೆಯುತ್ತಾ ನಡೆದೆ. ಅರವತ್ತು ಮಕ್ಕಳ ಎದುರು ನಿಲ್ಲುವ ಮೇಷ್ಟ್ರಿಗೆ ಇಂಥ ಪ್ರಶ್ನೆಗೆ ಸಮಯ ಸಿಗುವುದಿಲ್ಲ. ಅದು ಅವರ ತಪ್ಪಲ್ಲ. ಅದಕ್ಕೇ ಸಂಜೆ ಪಾಠ ಬೇಕು.

ಇನ್ನೊಂದು ವಿಷಯ ಟೊಮೆಟೊ. ಕೊಯ್ಲಿನ ದಿನಗಳಲ್ಲಿ ಬೆಳಗಿನ ಜಾವಕ್ಕೇ ಮಕ್ಕಳೂ ತೋಟದಲ್ಲಿ ಇರುತ್ತಾರೆ. ಕ್ರೇಟು ತುಂಬಿ ಕೋಲಾರದ ಮಂಡಿಗೆ ಕಳಿಸಬೇಕು, ತಡವಾದರೆ ರೇಟು ಬೀಳುತ್ತದೆ. ಟೊಮೆಟೊ ಗಿಡ ಮುಟ್ಟಿದ ಕೈಗೆ ಹಸಿರು ಅಂಟು ಹತ್ತುತ್ತದೆ, ಒಣಗಿದ ಮೇಲೆ ಕಪ್ಪಾಗುತ್ತದೆ, ಸೋಪಿಗೂ ಬೇಗ ಹೋಗುವುದಿಲ್ಲ. ನೋಟ್‌ಬುಕ್ಕಿನ ಅಂಚು ನೋಡಿದರೆ ಸಾಕು, ಅವತ್ತು ಯಾರು ಶಾಲೆ ತಪ್ಪಿಸಿ ತೋಟಕ್ಕೆ ಹೋಗಿದ್ದರು ಅಂತ ನನಗೆ ಗೊತ್ತಾಗುತ್ತಿತ್ತು. ಬಯ್ಯುತ್ತಿರಲಿಲ್ಲ. ತಪ್ಪಿಹೋದ ಪಾಠ ಹೇಳಿಕೊಡುತ್ತಿದ್ದೆ.

ದೊಡ್ಡ ಹುಡುಗರ ಕಥೆ ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ. ಒಂಬತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಆ ವಯಸ್ಸು ದಾಟುತ್ತದೆ, ಸರಿಯಾಗಿ ಆಗಲೇ ಕೈ ಜಾರುತ್ತಾರೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾಗಿ ಮನೆಯಲ್ಲಿ ಕೂತಿದ್ದ ಒಬ್ಬ ನಮ್ಮಲ್ಲೇ ಓದಿ ಪಾಸಾದ. ಈಗ ನರಸಾಪುರದ ಕಡೆ ಕಾರ್ಖಾನೆ ಕೆಲಸಕ್ಕೆ ಹೋಗುತ್ತಾನೆ. ಶಿಫ್ಟ್ ಇಲ್ಲದ ದಿನ ಬಂದು ಚಿಕ್ಕವರಿಗೆ ಗಣಿತ ಹೇಳಿಕೊಡುತ್ತಿದ್ದ. ಅವನು ಪ್ರತಿ ವರ್ಷ ಮಾಲೆ ಹಾಕಿ ಶಬರಿಮಲೆಗೆ ಹೋಗುವ ಹುಡುಗ. ಈಗಲೂ ಹೋಗುತ್ತಾನೆ.

ಪ್ರಾರ್ಥನೆ ಮಾಡಿಸುತ್ತೀರಾ ಅಂತ ನೀವು ಕೇಳಬಹುದು. ಪಾಠದ ಹೊತ್ತಿನಲ್ಲಿ ಇಲ್ಲ. ಭಾನುವಾರ ನಮ್ಮ ಚರ್ಚಿನ ಸಭೆಯಲ್ಲಿ ಸಂಡೇ ಸ್ಕೂಲ್ ಇದೆ. ಅದು ಸಭೆಗೆ ಬರುವ ಮನೆಗಳ ಮಕ್ಕಳಿಗೆ. ಏಸು ನನ್ನ ದೇವರು. ಯಾರಾದರೂ ಕೇಳಿದರೆ ಸಂತೋಷದಿಂದ ಹೇಳುತ್ತೇನೆ. ಸಂವಿಧಾನದ 25ನೇ ವಿಧಿ ಆ ಹಕ್ಕು ಕೊಟ್ಟಿದೆ. ಆದರೆ ಎಂಟು ವರ್ಷದ ಮಗುವಿಗೆ ಬಿಸ್ಕತ್ ತೋರಿಸಿ ಸ್ತೋತ್ರ ಹೇಳಿಸುವುದು ಸೇವೆ ಅಲ್ಲ. ಹಾಗೆ ಮಾಡಿದವರು ನಮ್ಮವರಲ್ಲೂ ಇದ್ದಾರೆ. ಮಕ್ಕಳ ಫೋಟೊ ತೆಗೆದು ಲೆಕ್ಕ ತೋರಿಸಿ ಹಣ ಕೇಳಿದವರೂ ಇದ್ದಾರೆ. ಅದು ನನಗೆ ನಾಚಿಕೆಯ ವಿಷಯ. ಜನರ ಅನುಮಾನಕ್ಕೆ ಕಾರಣವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಬಂದು ನೋಡಿ ಅಂತ ಮಾತ್ರ ಹೇಳುತ್ತೇನೆ. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂತು, 2023ರ ಜೂನ್‌ನಲ್ಲಿ ಸಂಪುಟ ಅದನ್ನು ವಾಪಸ್ ಪಡೆಯುವ ತೀರ್ಮಾನ ಮಾಡಿತು. ಆ ಚರ್ಚೆ ದೊಡ್ಡವರು ಮಾಡಲಿ. ನಮ್ಮ ಮಕ್ಕಳಿಗೆ ಮಾರ್ಚ್‌ನಲ್ಲಿ ಪರೀಕ್ಷೆ ಇದೆ.

ಕೋಲಾರಕ್ಕೆ ಈ ಕೆಲಸ ಹೊಸದೇನೂ ಅಲ್ಲ. 1876-78ರ ಬರದಲ್ಲಿ ಹೆತ್ತವರನ್ನು ಕಳೆದುಕೊಂಡ ಮಕ್ಕಳನ್ನು ಇಲ್ಲಿ ಸಾಕಿದವರಲ್ಲಿ ಮಿಸ್ ಆನ್‌ಸ್ಟಿ ಎಂಬ ಮಿಷನರಿ ಹೆಂಗಸು ಒಬ್ಬರು. 1910ರಲ್ಲಿ ಶುರುವಾದ ಮೆಥೋಡಿಸ್ಟ್ ಮಿಷನ್ನಿನ ಇ.ಟಿ.ಸಿ.ಎಂ. ಆಸ್ಪತ್ರೆಯಲ್ಲಿ ಹುಟ್ಟಿದವರು ಜಿಲ್ಲೆಯ ಎಲ್ಲ ಜಾತಿ, ಧರ್ಮದ ಮನೆಗಳಲ್ಲೂ ಸಿಗುತ್ತಾರೆ.

ಸಾರ್, ಸುಮ್ನೆ ದೂರಿ ಹೋಗಲು ಈ ಪತ್ರ ಬರೆದಿಲ್ಲ. ಸಂಜೆ ಪಾಠ ನಡೆಸುವ ಎಲ್ಲರಿಗೂ, ಚರ್ಚಿನವರಿರಲಿ, ಮಠದವರಿರಲಿ, ಯುವಕ ಸಂಘದವರಿರಲಿ, ಒಂದೇ ನಿಯಮವನ್ನು ಬರವಣಿಗೆಯಲ್ಲಿ ಕೊಡಿಸಿ. ಅಪ್ಪ ಅಮ್ಮನ ಸಹಿ ಇರಬೇಕು. ಬಾಗಿಲು ತೆರೆದಿರಬೇಕು. ಊರಿನ ಒಬ್ಬ ತಾಯಿ ಒಳಗೆ ಕೂತಿರಬೇಕು. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಬೇಕು. ಪಾಠದ ಹೊತ್ತಲ್ಲಿ ಯಾವ ಧರ್ಮದ ಬೋಧನೆಯೂ ಬೇಡ. ಪಾಠ ನಡೆಯುವಾಗ ನಾವು ಇದನ್ನು ಪಾಲಿಸುತ್ತಿದ್ದೆವು, ಸಹಿ ಹಾಕಲು ಸಿದ್ಧ. ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವನ್ನು ಸಂಜೆ ಎರಡು ಗಂಟೆ ಇದಕ್ಕೆ ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು. ಅಲ್ಲಿ ಬಂದು ಹೋಗುವವರು ಇರುತ್ತಾರೆ, ಯಾರಿಗೂ ಅನುಮಾನ ಉಳಿಯುವುದಿಲ್ಲ. ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಮುಂದಿನ ಕೆ.ಡಿ.ಪಿ. ಸಭೆಯಲ್ಲಿ ಈ ಮಾತು ಎತ್ತಿ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳನ್ನೇ ಕೇಳಿಸಿ, ಅಲ್ಲಿ ಏನು ಕಲಿತೆವು ಅಂತ ಅವರೇ ಹೇಳುತ್ತಾರೆ.

ಹುಡುಗರು ಬಿಟ್ಟುಹೋದ ನೋಟ್‌ಬುಕ್ಕುಗಳು ನಮ್ಮ ಮನೆಯ ಅಟ್ಟದ ಮೇಲಿವೆ. ಹೊಲಕ್ಕೆ ಹೋಗುವ ದಾರಿಯಲ್ಲಿ ಆ ಹುಡುಗಿ ಸಿಕ್ಕಾಗಲೆಲ್ಲ "ಆಂಟಿ, ಯಾವಾಗ?" ಅಂತಾಳೆ. ಏನು ಹೇಳಲಿ ಸಾರ್?

ಇಂತಿ,
ಮುಳಬಾಗಿಲು ತಾಲ್ಲೂಕಿನ ಒಬ್ಬ ಪಾಸ್ಟರಮ್ಮ